ಫಿಯಟ್ಟಿನ ಹಸಿ ಬಣ್ಣ ಮುಟ್ಟಬ್ಯಾಡ

ಲೇ ಮೈಲಮ್ಮ,

ನೀನು ಮಲ್ಲಿಗಿ ಬಿಡಿಸಾಕ ಹೊಲಕ್ಕ ಹೋಗಿದ್ದಿ, ಅದಕ್ಕ ಈ ಚೀಟಿ. ಕಾರಿನ ಬಣ್ಣ ತರಾಕ ಹೊಸಪೇಟಿ ಬಸ್ಸಿಗೆ ಹೊಂಟೀನಿ. ಸಂಜಿಗೆ ಬರ್ತೀನಿ, ರೊಟ್ಟಿ ಮುಚ್ಚಿಡು.

ಫಿಯಟ್ಟಿನ ಬಾಗಿಲಿಗೆ ಮುಂಜಾನೆ ಇನ್ನೊಂದು ಸಲ ಪ್ರೈಮರ್ ಅಡಿಬಣ್ಣ ಹೊಡದೀನಿ, ಹಸಿ ಐತಿ. ಕೋಳಿ ಹತ್ತದಂಗ ನೋಡ್ಕ.

ಹೂವಿನ ಬುಟ್ಟಿ ಇವತ್ತು ಡಿಕ್ಕಿಯಾಗ ಇಡಬ್ಯಾಡ. ಬುಟ್ಟಿಗೆ ಹೊದಿಸಿದ ಹಸಿ ಗೋಣಿಚೀಲದ ನೀರು ಸೋರಿ ಸೋರಿನ ಡಿಕ್ಕಿ ತಳ ತುಕ್ಕು ಹಿಡದಿದ್ದು. ತಗಡು ಬಡದು ತೂತು ಮುಚ್ಚೂದ್ರಾಗ ನನ್ನ ಸೊಂಟ ಬಿದ್ದೋಗೈತಿ. ಇನ್ನ ಮ್ಯಾಲೆ ಪ್ಲಾಸ್ಟಿಕ್ ಹಾಳಿ ಹಾಸೇ ಬುಟ್ಟಿ ಇಡಾಣ.

ಮತ್ತ ಮೈಲಾರದ ಭಂಡಾರ ಹಚ್ಚೀಯ, ಹುಷಾರ್! ಒಳ್ಳೇದಾಗಲಿ ಅಂತ ನಿನ್ನೆ ಹಸಿ ಪ್ರೈಮರ್ ಮ್ಯಾಲೆ ಅಂಗೈತುಂಬ ಆ ಅರಿಶಿಣ ಹಚ್ಕೊಂಡು ಬಾಗಿಲಿಗೂ ಡಿಕ್ಕಿಗೂ ಒತ್ತಿದಿ. ಅದು ಹಂಗೇ ಅಂಟಿಕೊಂತು. ನಾನು ಒದರಾಡಿದ್ದು ಓಣಿಗೆಲ್ಲ ಕೇಳೈತಿ. ಬಾಗಿಲದ ಮ್ಯಾಲಿಂದೆಲ್ಲ ಎಮರಿ ಪೇಪರ್ ಹಾಕಿ ತಿಕ್ಕಿ ತಗದೀನಿ.

ಡಿಕ್ಕಿ ಮುಚ್ಚಳದ ಒಳಗ ಒಂದು ಕೈಗುರುತು ಉಳದೈತಿ. ನಿನ್ನ ಐದೂ ಬೆರಳು ಚೆಂದಾಗಿ ಮೂಡ್ಯಾವು. ಅದನ್ನ ತಿಕ್ಕಾಕ ಕೈ ಏಳಲಿಲ್ಲ. ಅಷ್ಟು ಜಾಗ ಬಿಟ್ಟು ಬಣ್ಣ ಹೊಡಿತೀನಿ.

ಇದನ್ನ ಮಾತ್ರ ಓಣ್ಯಾಗ ಯಾರಿಗೂ ಹೇಳಬ್ಯಾಡ.

ಗುರುಬಸವರಾಜ