ಅಣಬೆ ಪುಸ್ತಕದ ಅಂಚಿನಲ್ಲಿ ಬರೆದದ್ದು

ಮಾನ್ವಿ,
17 ಜುಲೈ 2025

ಪ್ರೀತಿಯ ನಾಗೂಗೆ,

ಸರ್ವರಿಯ ಸಲಾಮು. ನನ್ನ ಹೆಸರು ಕಂಡರೆ ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಅಂಚೆ ಹಿಡಿದೆ. ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ, ಅರ್ಧ ಬಿಳಿ, ಅರ್ಧ ಕರಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದೇನೆ, ಬೆರಳು ಹಚ್ಚಬೇಡ. ಅದೇನು ಅಂತ ಹೇಳುತ್ತೇನೆ, ಮೊದಲು ಇದನ್ನು ಓದು.

ಹೋದ ವಾರ ನಿನ್ನ ಮಗಳು ಐಶ್ವರ್ಯ ಫೋನ್ ಮಾಡಿದ್ದಳು. ನಾಲ್ಕು ವರ್ಷದ ಕೂಸಿದ್ದಾಗ ನನ್ನ ಸೆರಗು ಜಗ್ಗುತ್ತಿದ್ದವಳು ಈಗ ಎಂ.ಎಸ್ಸಿ ಓದುತ್ತಾಳೆ, ನಮ್ಮ ಜಿಲ್ಲೆಯ ಅಣಬೆಗಳ ಮೇಲೆ ಕನ್ನಡದಲ್ಲಿ ಒಂದು ಕೈಪುಸ್ತಕ ಮಾಡುತ್ತಿದ್ದಾಳೆ ಅಂತ ಕೇಳಿ ಹಿಗ್ಗಿದೆ. ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. “ಟೀಚರ್, ನಿಮ್ಮ ಹಳೇ ಅಣಬಿ ಪುಸ್ತಕ ನಮ್ಮ ಅಟ್ಟದ ಮ್ಯಾಲ ಸಿಕ್ತು. ಇನ್ನೂರಾ ಹನ್ನೆರಡನೇ ಪುಟದಾಗ ನಿಮ್ಮ ಅಕ್ಷರ ಅದ,” ಎಂದಳು. ಆ ಅಕ್ಷರ ನಿನಗೂ ನೆನಪಿರಬೇಕು. “ದೇವದುರ್ಗದಲ್ಲಿ ಸಿಗುತ್ತದೆ. ತಿನ್ನಬಹುದು.” ಕೆಳಗೆ ನನ್ನ ಸಹಿ.

ಅದನ್ನೇ ಕೈಪುಸ್ತಕದಲ್ಲಿ ಹಾಕುತ್ತಾಳಂತೆ. ಬರುವ ವಾರ ಅಚ್ಚಿಗೆ. ಬೇಡ ಅಂದೆ, ಗದರಿಸಿದೆ. ಅವಳು ನಕ್ಕಳು. “ನೀವೂ ತಿಂದೀರಲ್ಲ ಟೀಚರ್, ನಿಮಗೇನೂ ಆಗಿಲ್ಲಂತ. ಅವ್ವಂದು ಮೊದಲಿಂದ ನಾಜೂಕು ಹೊಟ್ಟಿ,” ಎಂದಳು. ಆ ಮಾತನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಮೊದಲು ಆಡಿದವಳು ನಾನೇ.

ಎಷ್ಟು ಹುಚ್ಚಿತ್ತು ನಮಗೆ ಆ ಪುಸ್ತಕದ್ದು. ರಾಯಚೂರು ಬಸ್ ನಿಲ್ದಾಣದೆದುರು ಹಳೆ ಪುಸ್ತಕದ ಗಾಡಿಯಲ್ಲಿ ಸಿಕ್ಕಿತ್ತು. ಪರದೇಶದ್ದು, ಇಟ್ಟಂಗಿಯಷ್ಟು ದಪ್ಪ, ಪುಟಪುಟಕ್ಕೂ ಬಣ್ಣದ ಚಿತ್ರ. ದೇವದುರ್ಗದ ಶಾಲೆಯಲ್ಲಿ ನಾನು ವಿಜ್ಞಾನ, ನೀನು ಗಣಿತ. ಪೀರಿಯಡ್ ಖಾಲಿ ಸಿಕ್ಕರೆ ಅದನ್ನೇ ಬಿಡಿಸಿಕೊಂಡು ಕೂಡುತ್ತಿದ್ದೆವು. ಕೆಂಪು, ನೀಲಿ, ಹವಳದಂಥದ್ದು, ಕಿವಿಯಂಥದ್ದು. ದೇವರಿಗೆ ಇಷ್ಟೊಂದು ಪುರುಸೊತ್ತು ಇತ್ತೇನು ಅಂತ ನೀನು ಕೇಳುತ್ತಿದ್ದೆ.

ಆ ವರ್ಷ ಮೊದಲ ಮಳೆಗೆ ಶಾಲೆಯ ಮೈದಾನದ ಹುಲ್ಲಿನಲ್ಲಿ ತಾಟಿನಷ್ಟಗಲದ ಬಿಳಿ ಅಣಬೆ ಎದ್ದವು. ಪುಸ್ತಕ ತೆಗೆದೆವು. ಇನ್ನೂರಾ ಹನ್ನೆರಡನೇ ಪುಟದ ಚಿತ್ರಕ್ಕೆ ಥೇಟ್ ಹೊಂದಿತು. ಗೇಟಿನ ಹತ್ತಿರ ಸೊಪ್ಪು, ಹುತ್ತಿನ ಅಣಬೆ ಮಾರುತ್ತಿದ್ದ ಗೂಗಲ್ ಊರಿನ ಯಮನಮ್ಮ ನನ್ನ ಕೈಯಲ್ಲಿನದನ್ನು ಬುಡ ಮೇಲು ಮಾಡಿ ನೋಡಿದಳು. “ಬ್ಯಾಡ್ರಿ ಅಕ್ಕೋರ. ಹುತ್ತಿನ ಅಣಬಿಗೆ ಕೆಳಗ ಉದ್ದಕ ಬೇರು ಇರ್ತದ. ಇದಕ್ಕ ಇಲ್ಲ. ನಮ್ಮ ಮಂದಿ ಇದನ್ನ ಮುಟ್ಟಂಗಿಲ್ಲ,” ಎಂದಳು. ನಾನು ಪುಸ್ತಕ ಎತ್ತಿ ತೋರಿಸಿ, ಇದನ್ನು ಬರೆದವರು ದೊಡ್ಡ ಪಂಡಿತರು ಯಮನಮ್ಮ ಅಂದೆ. ಅವಳು ಚಿತ್ರ ನೋಡಿ, “ಚೆಂದ ಅದ,” ಅಂದು ತನ್ನ ಬುಟ್ಟಿಯ ಕಡೆ ಹೋದಳು.

ನಿಮ್ಮತ್ತೆ ವೀರಭದ್ರಮ್ಮನವರು ಅಣಬೆಯನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ, ಹೀಗಾಗಿ ನಮ್ಮ ಮನೆಯಲ್ಲೇ ಪಲ್ಯ ಆಯಿತು. ನಿನಗೆ ಮಧ್ಯಾಹ್ನದ ಮೊದಲ ಪೀರಿಯಡ್ ಇತ್ತು, ಮುಂಚೆ ಉಂಡು ಓಡಿದೆ. ನಾನು ಹಿಂದಿನಿಂದ ಊಟ ಮಾಡಿ ಬಂದೆ. ಸಂಜೆಗೆ ನೀನು ವಾಂತಿ ಮಾಡಿ ಮಾಡಿ ಹಾಸಿಗೆಗೆ ಬಿದ್ದೆ. ಮೂರು ದಿನ ಸಲೈನ್. ಸ್ವಲ್ಪದರಲ್ಲೇ ಹೋಗುತ್ತಿದ್ದೆ ನಾಗೂ. ನಾನೇನು ಮಾಡಿದೆ? ಪುಸ್ತಕ ಸುಳ್ಳಲ್ಲ, ಇವಳ ಹೊಟ್ಟೆಯೇ ನಾಜೂಕು ಅಂದೆ. ನೀನು ಮಾತು ಬಿಟ್ಟೆ. ಪುಸ್ತಕವನ್ನು ನಿನ್ನ ಬಾಗಿಲಲ್ಲಿಟ್ಟು ಮಾನ್ವಿಗೆ ವರ್ಗ ಮಾಡಿಸಿಕೊಂಡು ಬಂದೆ.

ಐಶ್ವರ್ಯಳ ಫೋನಿನ ಮರುದಿನ ಇಲ್ಲಿ ಮಳೆ ಜೋರು ಹಿಡಿಯಿತು. ಎರಡು ದಿನಕ್ಕೆ ನಮ್ಮ ಓಣಿಯ ಖಾಲಿ ಜಾಗದಲ್ಲಿ ಅವೇ ಎದ್ದವು, ದುಂಡಗೆ ಸಾಲಾಗಿ. ಫೋನಿನ ಆ್ಯಪ್‌ಗೆ ತೋರಿಸಿದೆ. ಅದು ಒಂದೇ ಅಣಬೆಗೆ ಮೂರು ಹೆಸರು ಹೇಳಿ ಕೈತೊಳೆದುಕೊಂಡಿತು. ಐಶ್ವರ್ಯಳಿಗೆ ಹೇಳಿ ಪುಸ್ತಕದ ಕೊನೆಯ ಪುಟಗಳ ಫೋಟೊ ತರಿಸಿದೆ. ಚಿತ್ರದ ಪುಟಗಳೆಲ್ಲ ನಮ್ಮ ಬೆರಳಿಗೆ ಕರ್ರಗಾಗಿದ್ದವು. ಪರೀಕ್ಷೆ ಮಾಡುವ ವಿಧಾನ ಬರೆದ ಪುಟಗಳು ಮಾತ್ರ ಬೆಳ್ಳಗೆ, ಹೊಸದರಂತೆ ಇವೆ. ಚಿತ್ರ ನೋಡಿ ನಂಬಬೇಡಿ, ಮೊದಲು ಅಣಬೆಯ ಕೊಡೆಯಡಿಯಿಂದ ಉದುರುವ ಪುಡಿಯ ಬಣ್ಣ ನೋಡಿ ಎಂದು ದಪ್ಪ ಅಕ್ಷರದಲ್ಲೇ ಅಚ್ಚು ಹಾಕಿದ್ದಾರೆ.

ಹೇಳಿದಂತೆಯೇ ಮಾಡಿದೆ. ಬೆಳಗಿನ ನಮಾಜಿನ ಮೇಲೆ ಒಂದನ್ನು ತಂದು, ಕಾಂಡ ಕತ್ತರಿಸಿ, ಬಿಳಿ ಪುಡಿ ಬಿದ್ದರೂ ಕಾಣಲೆಂದು ಅರ್ಧ ಕರಿ ಮಾಡಿದ ಕಾಗದದ ಮೇಲೆ ಕೊಡೆಯನ್ನು ಬೋರಲು ಇಟ್ಟು ಬೋಗುಣಿ ಮುಚ್ಚಿದೆ. ಇಳಿಹೊತ್ತಿಗೆ ತೆಗೆದೆ. ಏನು ಹೇಳಲಿ ನಾಗೂ. ಕಾಗದದ ಮೇಲೆ ಹಸಿರು ಚಕ್ರ. ನಟ್ಟನಡುವಿನಿಂದ ಅಂಚಿನವರೆಗೆ ನೂರಾರು ಗೆರೆ, ಒಂದಕ್ಕೊಂದು ತಾಕಿಲ್ಲ. ಕಣ್ಣಿಗೆ ಕಾಣದ ಧೂಳು, ಗಾಳಿಯಿಲ್ಲ, ಕೈಯಿಲ್ಲ, ಕತ್ತಲಲ್ಲಿ ತಾನೇ ಉದುರಿ ತನ್ನ ಗುರುತನ್ನು ತಾನೇ ಬರೆದಿತ್ತು. ಮೂವತ್ತೊಂದು ವರ್ಷ ವಿಜ್ಞಾನ ಹೇಳಿದವಳು ನಾನು, ಇಂಥದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಖುದಾನ ಕುದರತ್ತು, ಅವನ ಸೃಷ್ಟಿಯ ಸೋಜಿಗ, ಅನ್ನುವ ಮಾತು ತಾನಾಗಿ ಬಾಯಿಗೆ ಬಂತು. ಬಹಳ ಹೊತ್ತು ಉಸಿರು ಬಿಡಲೂ ಅಂಜಿದೆ, ಎಲ್ಲಿ ಹಾರಿಹೋಗುವುದೋ ಎಂದು.

ಇನ್ನೂರಾ ಹನ್ನೆರಡನೇ ಪುಟದ ಅಣಬೆಯ ಪುಡಿ ಬಿಳಿ. ಹಸಿರು ಬೀಳುವುದು ವಿಷದ್ದು, ಅದು ಬೇರೆ ಪುಟದಲ್ಲಿದೆ. ಅಂದು ಆ ಪುಟ ನಾವು ತೆರೆಯಲೇ ಇಲ್ಲ. ಬಿಳಿ ಬಿದ್ದದ್ದೆಲ್ಲ ತಿನ್ನಬಹುದು ಅಂತಲ್ಲ, ಅದನ್ನೂ ಐಶ್ವರ್ಯಳಿಗೆ ಹೇಳು. ಯಮನಮ್ಮನಿಗೆ ಕಾಗದ, ಬೋಗುಣಿ ಯಾವುದೂ ಬೇಕಾಗಿರಲಿಲ್ಲ. ಬುಡ ನೋಡಿ ಹೇಳಿದ್ದಳು. ಇನ್ನೂ ಗೂಗಲ್ಲಿನಲ್ಲೇ ಇದ್ದಾಳಂತೆ. ಕೈಪುಸ್ತಕ ಅಚ್ಚಾಗುವ ಮೊದಲು ಹುಡುಗಿ ಅವಳ ಹತ್ತಿರ ಹೋಗಿ ಕೂಡಲಿ, ಅವಳ ಹೆಸರು ಮೊದಲ ಪುಟದಲ್ಲಿ ಬರಲಿ.

ನನ್ನ ಆ ಎರಡು ಸಾಲನ್ನು ನಿನ್ನ ಕೈಯಿಂದಲೇ ಹೊಡೆದುಹಾಕು. ಲಕೋಟೆಯಲ್ಲಿರುವ ಈ ಹಸಿರು ಚಕ್ರದ ಕಾಗದವನ್ನು ಅದೇ ಪುಟದಲ್ಲಿ ಇಡು. ಸಿಟ್ಟಿದ್ದರೆ ಇರಲಿ, ಓದಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು.

ನಿನ್ನ ಕೈರುಚಿಯ ಹೋಳಿಗೆ ಇನ್ನೂ ಮರೆಯದ,
ಸರ್ವರಿ ಬೇಗಂ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ನಿನ್ನ ಮಗಳು ಹಸಿರು ಕಾಗದವನ್ನೂ ನಂಬುವುದಿಲ್ಲ, ಟೀಚರ್ ತಿಂದು ಅರಗಿಸಿಕೊಂಡಿದ್ದಾರೆ ಎಂದೇ ಅಚ್ಚು ಹಾಕಿಸುತ್ತಾಳೆ. ಹಿಂದಿನಿಂದ ಊಟ ಮಾಡಿ ಬಂದೆ ಎಂದು ಮೇಲೆ ಬರೆದಿದ್ದೇನೆ. ಊಟ ಮಾಡಿದ್ದು ಖರೆ. ರೊಟ್ಟಿ, ಮೊಸರು. ತುತ್ತು ಎತ್ತುವಾಗ ಯಮನಮ್ಮನ ಮಾತು ನೆನಪಾಗಿ ಅಂಜಿದೆ, ಪಲ್ಯವನ್ನು ಹಿತ್ತಲಲ್ಲಿ ಹುಗಿದೆ. ನೀನಾಗಲೇ ಉಂಡು ಹೋಗಿದ್ದೆ. ಓಡಿ ಬಂದು ನಿನಗೆ ಹೇಳಬಹುದಿತ್ತು, ಹೇಳಲಿಲ್ಲ. ಆ ಅಣಬೆಯನ್ನು ತಿಂದವಳು ನೀನೊಬ್ಬಳೇ ನಾಗೂ. ನಿನ್ನ ಹೊಟ್ಟೆಯಲ್ಲಿ ಯಾವ ದೋಷವೂ ಇರಲಿಲ್ಲ.