ಗಾಡಿ ವಾಪಸ್ ಕಳಿಸಿದ್ದೇನೆ

ಮಧುಗಿರಿ ತಾಲೂಕು
ಅಕ್ಟೋಬರ್ ೧೯೫೬

ಅಪ್ಪಯ್ಯನ ಪಾದಗಳಿಗೆ ಪುಟ್ಟಲಕ್ಷ್ಮಿಯ ನಮಸ್ಕಾರ.

ಚೊಚ್ಚಲ ಹೆರಿಗೆಗೆ ನನ್ನನ್ನು ಕರೆಸಿಕೊಳ್ಳಲು ನೀವು ಕಳಿಸಿದ ಗಾಡಿ ಬೆಳಿಗ್ಗೆ ಬಂತು. ಅವ್ವ ಒಳಗೆ ಮೆತ್ತಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿದ್ದಾಳೆ. ನೋಡಿ ಕಣ್ಣು ತುಂಬಿತು.

ಗಾಡಿ ಹೊಡೆಯುವ ಚಿಕ್ಕರಂಗಯ್ಯ ಹಿಗ್ಗಿನಿಂದ ಹೇಳಿದ: "ನಮ್ಮ ಕೆರೆ ತುಂಬೈತೆ ಕಣಮ್ಮ. ನೀರು ಆಚೆಗೆ ಹೋಗ್ಬಾರ್ದು ಅಂತ ನಿಮ್ಮಪ್ಪಾರು ಕೋಡಿ ಮ್ಯಾಲೆ ಮರಳು ಚೀಲ ಪೇರಿಸಿಬುಟ್ಟವ್ರೆ."

ಮಳೆ ಇನ್ನೂ ಬಿಟ್ಟಿಲ್ಲ. ಹೆಚ್ಚಾದ ನೀರು ಹೊರಹೋಗುವ ಕೋಡಿಯೇ ಮುಚ್ಚಿ, ನಿಮ್ಮ ಕೆರೆಯ ಏರಿ ಒಡೆದರೆ ಆ ನೀರೆಲ್ಲ ಒಮ್ಮೆಲೇ ನಮ್ಮ ಕೆರೆಗೆ ನುಗ್ಗುತ್ತದೆ. ಇಲ್ಲಿಯವರೂ ಕೋಡಿ ಕಟ್ಟಿಕೊಂಡು ಕೂತಿದ್ದಾರೆ, ಹಾಗಾಗಿ ನಮ್ಮ ಏರಿಯೂ ತಡೆಯುವುದಿಲ್ಲ. ಆಮೇಲೆ ಕೆಳಗಿನ ಊರಿನ ಕೆರೆ, ಅದರ ಕೆಳಗಿನದು. ಮಾವನವರಿಗೆ ಹೇಳಿದೆ. "ಮ್ಯಾಲ್ನೋರು ಹನಿ ಬುಡಾಕಿಲ್ಲ. ನಿಮ್ಮಪ್ಪ ನೀರು ಬುಟ್ಟ ದಿನ ನಾವೂ ಬುಡ್ತೀವಿ" ಎಂದು ಊರವರ ಎದುರಿಗೇ ಅಂದರು. ಕೆಳಗಿನವರು ನಮ್ಮನ್ನು ತೋರಿಸಿ ಅದನ್ನೇ ಹೇಳುತ್ತಾರಂತೆ.

ನಮ್ಮ ಮನೆ ಏರಿಯ ಬುಡದಲ್ಲೇ ಇದೆ. ಸಂಬಂಧ ನೋಡಲು ಬಂದಾಗ ಬಾವಿಯ ನೀರು ಸಿಹಿಯಾಗಿದೆ ಎಂದು ನೀವೇ ಮೆಚ್ಚಿದ್ದಿರಿ.

ಗಾಡಿಯನ್ನು ಖಾಲಿ ಕಳಿಸುತ್ತಿದ್ದೇನೆ. ಆ ಚೀಲಗಳನ್ನು ಇದರಲ್ಲೇ ಹೇರಿಸಿ ತೆಗೆಸಿ. ನಿಮ್ಮ ಕೋಡಿಯ ನೀರು ಇಲ್ಲಿಗೆ ಬಂದರೆ ಮಾವನವರು ಮಾತು ತಪ್ಪುವ ಹಾಗಿಲ್ಲ. ಆಮೇಲೆ ಗಾಡಿ ಕಳಿಸಿ, ಬರುತ್ತೇನೆ. ಅಲ್ಲಿಯವರೆಗೆ ಇಲ್ಲಿಂದ ಕದಲುವುದಿಲ್ಲ. ದಿನ ತುಂಬುತ್ತಾ ಬಂದಿದೆ ಎಂದು ಸೂಲಗಿತ್ತಿ ಹೇಳಿದ್ದಾಳೆ.

ಕಂಬಳಿಯನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಮಗು ಇಲ್ಲೇ ಹುಟ್ಟಿದರೆ ಬೇಕಾಗುತ್ತದೆ.

ನಿಮ್ಮ ಮಗಳು,
ಪುಟ್ಟಲಕ್ಷ್ಮಿ