ನೇಪಾಳದಿಂದ ಬಂದ ಹೇಳಿಕೆಗಳು

ಚಿಕ್ಕಬಳ್ಳಾಪುರ
೧೮ ಫೆಬ್ರವರಿ ೨೦೦೪

ಮಗಳೇ ಶುಭಾ,

ಕಠ್ಮಂಡುವಿನ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಅಮ್ಮ ಕೊಟ್ಟ ಉಣ್ಣೆಯ ಟೋಪಿ ಹಾಕಿಕೊಳ್ಳುತ್ತೀಯೋ, ಇಲ್ಲ ಯಾರಿಗಾದರೂ ದಾನ ಮಾಡಿಬಿಟ್ಟೆಯೋ? ನಾವಿಬ್ಬರೂ ಆರೋಗ್ಯ. ನನ್ನ ಮಂಡಿನೋವು ಮಾತ್ರ ನನಗಿಂತ ಚುರುಕಾಗಿದೆ.

ಸ್ನೇಹಿತೆಯ ಕೈಲಿ ನೀನು ಕಳಿಸಿದ ಕಟ್ಟು ತಲುಪಿತು. ಅಲ್ಲಿನ ಯುದ್ಧದಲ್ಲಿ ಸೈನಿಕರು ಎಳೆದೊಯ್ದವರ, ಬಂಡುಕೋರರು ಹೊತ್ತೊಯ್ದವರ ಮನೆಯವರು ಹೇಳಿದ್ದನ್ನೆಲ್ಲ ನೀನು ಕನ್ನಡದಲ್ಲಿ ಬರೆದುಕೊಂಡಿರುವುದು ಜಾಣತನವೇ ಸರಿ. ತಪಾಸಣೆಯ ಸಿಪಾಯಿಗೆ ಅಡುಗೆ ಪುಸ್ತಕ ಅಂದೆಯಂತೆ, ಅವನು ನಂಬಿದನಂತೆ. ಆದರೆ ಆ ಅಕ್ಷರ ಕನ್ನಡವೆಂದು ನಂಬುವುದು ನಮಗೂ ಕಷ್ಟ ಕಣಮ್ಮ. ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟಾಗಿ ಎಂಥೆಂಥ ವಕೀಲರ ಗೀಚನ್ನೋ ಓದಿದವನು ನಾನು. ನಿನ್ನ ‘ಸೈನಿಕರು’ ಅನ್ನು ‘ಸೈಕಲ್ಲು’ ಎಂದು ಓದಿ, ನಾಲ್ಕು ಸೈಕಲ್ಲುಗಳು ಬಾಗಿಲು ಒದ್ದು ಒಳನುಗ್ಗಿದವು ಎಂದು, ನೀನು ಕೇಳಿದಂತೆ, ಇಂಗ್ಲಿಷಿಗೆ ಇಳಿಸಿ ಟೈಪು ಮಾಡುತ್ತಿದ್ದೆ. ನಿನ್ನಮ್ಮ ನೋಡಿ ತಡೆದಳು.

ಬೆಳಗಿನ ಐದಕ್ಕೇ ನಾನು ಟೈಪು ಕುಟ್ಟುವುದು ಎದುರುಮನೆ ನಲ್ಲಪ್ಪನಿಗೆ ಸರಿಬರಲಿಲ್ಲ. ಮನೆಯೊಳಗೆ ಏನೋ ಯಂತ್ರ ಇಟ್ಟಿದ್ದಾರೆ ಎಂದು ಪೊಲೀಸರಿಗೆ ದೂರು ಕೊಟ್ಟ. ಮೊನ್ನೆ ಹೆಡ್ ಕಾನ್ಸ್‌ಟೇಬಲ್ ಗಂಗುಲಪ್ಪ ಬಂದರು. ಗೇಟಿನಲ್ಲಿ ಖಾಕಿ ಕಂಡದ್ದೇ ತಡ, ನಿನ್ನಮ್ಮ ಕೈಗೆ ಸಿಕ್ಕ ಕಾಗದಗಳನ್ನೆಲ್ಲ ರಾಗಿಹಿಟ್ಟಿನ ಡಬ್ಬಿಗೆ ತುರುಕಿ, ಮುಚ್ಚಳ ಹಾಕಿ, ಅದರ ಮೇಲೇ ಕೂತುಬಿಟ್ಟಳು.

ಗಂಗುಲಪ್ಪ ಟೈಪ್‌ರೈಟರನ್ನು ಒಂದು ಸುತ್ತು ಬಂದು ನೋಡಿ, “ಇಷ್ಟೇನಾ ಸಾರ್? ನೋಟು ಅಚ್ಚಾಕ್ತಾವ್ರೆ ಅಂದ್ನಲ್ಲ ನಲ್ಲಪ್ಪ!” ಎಂದು ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಯಾರೂ ಕೇಳದೆಯೇ ನಿನ್ನಮ್ಮ, “ಬರೀ ಅಡುಗೆ ವಿಚಾರ ಕಣಪ್ಪ, ಮಗಳು ಕಳ್ಸಿರೋದು” ಎಂದಳು. “ಏನಡುಗೆನಮ್ಮಾ?” ಎನ್ನುತ್ತ ಅವರು ಟೈಪ್‌ರೈಟರಿನ ಪಕ್ಕ ಉಳಿದಿದ್ದ ಒಂದೇ ಹಾಳೆಯನ್ನು ಎತ್ತಿಕೊಂಡರು.

ಮಗನಿಗೆ ಊಟ ಹೊತ್ತುಕೊಂಡು ಬ್ಯಾರಕ್ಕಿನ ಬಾಗಿಲಿಗೆ ಅಲೆದ ಮುದುಕಿಯ ಹೇಳಿಕೆ ಅದು. ಹನ್ನೊಂದು ದಿನ ‘ಇಲ್ಲಿಲ್ಲ’ ಎಂದು ವಾಪಸು ಕಳಿಸಿ, ಹನ್ನೆರಡನೆಯ ದಿನ ಅವನ ಅಂಗಿ ಕೊಟ್ಟರಲ್ಲ, ಅದು. ಗಂಗುಲಪ್ಪ ನಿಂತೇ ಓದಿದರು. ಮತ್ತೆ ಮೊದಲಿಂದ ಓದಿದರು. ನಿನ್ನಕ್ಷರ ಅವರಿಗೆ ಎಲ್ಲೂ ತಡೆಯಲಿಲ್ಲವೆಂಬುದೇ ನನಗಿನ್ನೂ ಆಶ್ಚರ್ಯ. ಹಾಳೆಯನ್ನು ಇದ್ದಲ್ಲೇ ಇಟ್ಟು, ಕಾಫಿಯನ್ನೂ ಮುಟ್ಟದೆ, “ಕೆಳಗೊಂದು ಕಂಬಳಿ ಮಡಚಿ ಹಾಕ್ಕೊಳಿ ಸಾರ್, ಸದ್ದಾಗಲ್ಲ” ಎಂದಷ್ಟೇ ಹೇಳಿ ಹೊರಟುಹೋದರು.

ನಲವತ್ತೆರಡು ಹೇಳಿಕೆಗಳೂ ಕ್ಷೇಮ. ಮೂರು ಮೂರು ಪ್ರತಿ ಆಗಿವೆ, ಸೋಮವಾರ ನೀನು ಹೇಳಿದ ದೆಹಲಿಯ ವಕೀಲರಿಗೆ ಹೊರಡುತ್ತವೆ. ಲಕೋಟೆ ಒಡೆದಾಗ ಸ್ವಲ್ಪ ಹಿಟ್ಟು ಉದುರಿದರೆ ಗಾಬರಿಯಾಗಬೇಡಿರೆಂದು ಅವರಿಗೆ ತಿಳಿಸಿಬಿಡು.

ಹೊತ್ತಿಗೆ ಸರಿಯಾಗಿ ಉಣ್ಣು. ಒಬ್ಬಳೇ ಓಡಾಡಬೇಡ. ನಮ್ಮಿಬ್ಬರ ಹರಕೆ ಸದಾ ನಿನ್ನ ಬೆನ್ನಿಗಿದೆ.

ನಿನ್ನ ಅಪ್ಪ,
ಅನಂತರಾಮಯ್ಯ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗಂಗುಲಪ್ಪ ಮತ್ತೆ ಬಂದಿದ್ದಾರೆ, ಈ ಸಲ ಪಂಚೆಯಲ್ಲಿ. ಹಿಂದೆ ಬೇರೆ ಊರಿನ ಠಾಣೆಯಲ್ಲಿದ್ದಾಗ, ಮುಷ್ಕರ ಮಾಡಿದ ಕೂಲಿಕಾರನೊಬ್ಬ ಒಳಗೆ ಲಾಕಪ್ಪಿನಲ್ಲಿರುವಾಗಲೇ, ಬಾಗಿಲಲ್ಲಿ ನಿಂತ ಅವನ ತಾಯಿಗೆ ‘ಇಲ್ಲಿಲ್ಲ’ ಎಂದವರು ತಾವೇ ಎಂದು ಎರಡು ಹಾಳೆ ಬರೆದು ತಂದಿದ್ದಾರೆ. ತಾರೀಕಿದೆ, ಸಹಿಯಿದೆ. “ಇದ್ನೂ ಕುಟ್ಟಿ ಸಾರ್” ಅನ್ನುತ್ತಾರೆ. ಕುಟ್ಟುತ್ತೇನೆ. ಆದರೆ ಯಾರಿಗೆ ಕಳಿಸಲಿ? ಬೇಗ ಬರೆ, ಅವರ ಧೈರ್ಯ ಇಳಿಯುವ ಮೊದಲು.